ಗಿರಗಿಟ್ಲೆ ನಡೆದ ಗೆರೆ

“ಅಯ್ಯಯ್ಯೋ, ನನ್ನ ಶೂ!”

ಗಿರಗಿಟ್ಲೆ ಮುಂದಿಟ್ಟ ಕಾಲನ್ನು ಸರ್ರನೆ ಹಿಂದಕ್ಕೆಳೆದುಕೊಂಡಳು. ಎದುರಿಗೆ ತಗ್ಗು. ಮೊಣಕಾಲಿನಷ್ಟು ನೀರು, ಅಡಿಯಲ್ಲಿ ಕೆಸರು, ತುಂಬ ಏನೇನೋ ಹುಲ್ಲು. ಅವಳ ಶೂ ನೋಡಿದರೆ ಹೊಚ್ಚಹೊಸದು, ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು.

ಕೈಯಲ್ಲಿದ್ದ ಜಿಪಿಎಸ್ ‘ಬೀಪ್’ ಎಂದಿತು. ಅದು ಚಿಕ್ಕಮ್ಮನದು. ಅವಳದು ಗಿಡಗಳನ್ನು ಉಳಿಸುವ ಕೆಲಸ. ನೀರು ನಿಲ್ಲುವ ಇಂಥ ಬಯಲಲ್ಲಿ ಬೆಳೆಯುವ ಎಷ್ಟೋ ಗಿಡಗಳು ಬೇರೆಲ್ಲೂ ಬದುಕುವುದಿಲ್ಲವಂತೆ. ಮೊದಲು ಬಯಲಿನ ಅಂಚಿನಲ್ಲಿ ನಡೆದು ಗಡಿ ಗುರುತಿಸಬೇಕು. ಒಳಗೆ ಏನೇನು ಗಿಡ ಇದೆ ಎಂದು ನೋಡುವುದು ಆಮೇಲೆ. ಜಿಪಿಎಸ್ ಹಿಡಿದವರು ಎಲ್ಲಿ ನಡೆಯುತ್ತಾರೋ ಅಲ್ಲೇ ಮ್ಯಾಪಿನ ಗೆರೆ.

ಚಿಕ್ಕಮ್ಮ ಇನ್ನೊಂದು ಜಿಪಿಎಸ್ ಹಿಡಿದು ಹೊಳೆ ಕಡೆಯಿಂದ ಬರುತ್ತಿದ್ದಳು. ರಸ್ತೆ ಕಡೆಯ ಅಂಚನ್ನು ಗಿರಗಿಟ್ಲೆ ಹಟ ಮಾಡಿ ತಾನು ಇಸಿದುಕೊಂಡಿದ್ದಳು.

“ರಸ್ತೆ ಮೇಲೆ ಮಾತ್ರ ಹತ್ತಬೇಡ, ಗಾಡಿಗಳು ಬರ್ತವೆ,” ಎಂದು ಚಿಕ್ಕಮ್ಮ ಹೇಳಿದ್ದಳು. “ರಸ್ತೆ ಬುಡಕ್ಕೆ ಅಂಟ್ಕೊಂಡೇ ನಡಿ. ಕಾಲು ಒದ್ದೆಯಾದ್ರೂ ಪರವಾಗಿಲ್ಲ.”

ಕಾಲೇನೋ ಒದ್ದೆಯಾಗಲಿ. ಆದರೆ ಶೂ?

‘ಸ್ವಲ್ಪ ಈಚೆ ನಡೆದ್ರೆ ಯಾರಪ್ಪನ ಗಂಟು ಹೋಗುತ್ತೆ?’ ಎಂದುಕೊಂಡು ಗಿರಗಿಟ್ಲೆ ಬಯಲಿನ ಒಣನೆಲಕ್ಕೆ ತಿರುಗಿದಳು. ತಗ್ಗನ್ನು ಅದರ ಪಾಡಿಗೆ ಹೊರಗೇ ಬಿಟ್ಟು, ಅರ್ಧಚಂದ್ರದ ಹಾಗೆ ಸುತ್ತಿಕೊಂಡು ಹೋದಳು. ಗಮನವೆಲ್ಲ ಶೂಗೆ ಕೆಸರು ತಾಗಬಾರದು ಎನ್ನುವುದರ ಮೇಲೆಯೇ ಇತ್ತು.

ಸಂಜೆ ಚಿಕ್ಕಮ್ಮ ಲ್ಯಾಪ್‌ಟಾಪ್ ತೆರೆದಳು. “ಲೇ ಗಿರಗಿಟ್ಲೆ, ಇಲ್ಲಿ ನೋಡೇ. ಯಾರೋ ಬಿಸ್ಕತ್ ಕಚ್ಚಿದ ಹಾಗಿದೆಯಲ್ಲ! ಗೆರೆ ಯಾಕೆ ಒಳಕ್ಕೆ ಬಂತು?”

ಗಿರಗಿಟ್ಲೆ ಬಾಗಿಲಲ್ಲಿದ್ದ ಶೂ ಕಡೆ ನೋಡಿದಳು. ಶೂ ಕತೆ ಹೇಳಿದರೆ ಚಿಕ್ಕಮ್ಮ ಇನ್ನು ಜಿಪಿಎಸ್ ಮುಟ್ಟಲೂ ಬಿಡುವುದಿಲ್ಲ.

“ಅಲ್ಲಿ... ಕಲ್ಲು ಚಿಕ್ಕಮ್ಮ. ಬರೀ ಕಲ್ಲು. ನೀರೇ ಇರ್ಲಿಲ್ಲ.”

“ಹೌದಾ? ಸರಿ ಬಿಡು.”

ಚಿಕ್ಕಮ್ಮ ಮ್ಯಾಪನ್ನು ಆಫೀಸಿಗೆ ಕಳಿಸಿಯೇಬಿಟ್ಟಳು. ಇಷ್ಟು ಸುಲಭವಾಗಿ ನಂಬುತ್ತಾಳೆ ಎಂದು ಗಿರಗಿಟ್ಲೆ ಅಂದುಕೊಂಡಿರಲಿಲ್ಲ. ಬದುಕಿದೆಯಾ ಬಡಜೀವವೇ ಎಂದು ಆಡಲು ಓಡಿದಳು.

ಕೆಲವು ದಿನ ಕಳೆದ ಮೇಲೆ ಸ್ಕೂಲಿಗೆ ಹೋಗುವಾಗ ನೋಡುತ್ತಾಳೆ, ಬಯಲಿನ ಅಂಚಿನುದ್ದಕ್ಕೂ ಸುಣ್ಣದ ಪುಡಿಯ ಗೆರೆ! ರಸ್ತೆ ಅಗಲ ಮಾಡುತ್ತಿದ್ದರು. ಗೆರೆಯಿಂದ ಹೊರಗಿರುವ ಜಾಗಕ್ಕೆ ಮಣ್ಣು ತುಂಬಬಹುದು ಎಂದು ಆಫೀಸಿನವರು ಹೇಳಿದ್ದರು. ಗೆರೆ ರಸ್ತೆಯ ಪಕ್ಕದಲ್ಲಿ ನೆಟ್ಟಗೆ ಬಂದು, ಒಮ್ಮೆಲೇ ಒಳಕ್ಕೆ ತಿರುಗಿ, ಅರ್ಧಚಂದ್ರದ ಹಾಗೆ ಸುತ್ತಿ, ಮತ್ತೆ ನೆಟ್ಟಗೆ ಹೋಗಿತ್ತು. ಅವಳು ಎಲ್ಲೆಲ್ಲಿ ಕಾಲಿಟ್ಟಿದ್ದಳೋ ಅಲ್ಲೆಲ್ಲ ಸುಣ್ಣ ಹಾಕಿದ್ದರು.

ಲಾರಿಯೊಂದು ಹಿಂದುಹಿಂದಕ್ಕೆ ಬಂದು, ತಗ್ಗಿನ ಒಂದು ತುದಿಗೆ ಧೊಪ್ಪನೆ ಮಣ್ಣು ಸುರಿಯಿತು.

“ಅಂಕಲ್, ನಿಲ್ಸಿ! ಅದು ಒಳಗಿನ ಜಾಗ!”

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಏಯ್ ಪಾಪು, ಆಚೆ ಸರಿ. ಗೆರೆ ಕಾಣ್ತಾ ಇಲ್ವಾ?”

“ಆ ಗೆರೆ ತಪ್ಪು ಅಂಕಲ್!”

“ಮ್ಯಾಪ್ ನೋಡ್ಕೊಂಡು ಹಾಕಿರೋದಮ್ಮ. ತಪ್ಪು ಅಂತ ನಿಂಗ್ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಆ ಗೆರೆ ನಡೆದವಳೇ ನಾನು.”

ಡ್ರೈವರ್ ಅವಳ ಮುಖವನ್ನೇ ನೋಡಿದ. “ಚಿಕ್ಕಮ್ಮಂಗೊಂದು ಫೋನ್ ಮಾಡ್ಕೊಡಿ,” ಎಂದಳು ಅವಳು. ಎಂಜಿನ್ ಆಫ್ ಮಾಡಿ, ಅವಳು ಹೇಳಿದ ನಂಬರಿಗೆ ಫೋನ್ ಹಚ್ಚಿಕೊಟ್ಟ.

“ಚಿಕ್ಕಮ್ಮ, ಅಲ್ಲಿ ಕಲ್ಲು ಇರ್ಲಿಲ್ಲ. ನೀರಿತ್ತು. ಶೂ ಕೊಳೆಯಾಗುತ್ತೆ ಅಂತ ಸುತ್ತು ಹಾಕ್ದೆ. ಈಗ ಮಣ್ಣು ತುಂಬ್ತಿದಾರೆ.”

“ಡ್ರೈವರ್‌ಗೆ ಫೋನ್ ಕೊಡು,” ಎಂದಳು ಚಿಕ್ಕಮ್ಮ.

ಸ್ವಲ್ಪ ಹೊತ್ತಿಗೆ ಅವಳೇ ಸ್ಕೂಟರಿನಲ್ಲಿ ಬಂದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಗಿರಗಿಟ್ಲೆಗೆ. ಚಿಕ್ಕಮ್ಮ ಮಣ್ಣಿನ ಗುಡ್ಡೆಯನ್ನು ನೋಡುತ್ತ, “ನಾನೂ ಒಂದ್ಸಲ ಬಂದು ನೋಡ್ಬೇಕಿತ್ತು,” ಎಂದಳಷ್ಟೆ. ಜಿಪಿಎಸ್ ತಾನೇ ಹಿಡಿದು ನೀರಿಗಿಳಿದಳು. ಗಿರಗಿಟ್ಲೆ ಹಿಂದೆಯೇ ಇಳಿದಳು. ರಸ್ತೆಯ ಬುಡಕ್ಕೆ ಅಂಟಿಕೊಂಡು, ಮಣ್ಣಿನ ಗುಡ್ಡೆಯ ಹೊರಗಿನಿಂದ ಬಳಸಿ ಇಬ್ಬರೂ ನಡೆದರು.

“ಮಣ್ಣು ಬಿದ್ದಿರೋ ಜಾಗಾನೂ ಒಳಗೆ ಸೇರಿಸ್ತೀಯಾ ಚಿಕ್ಕಮ್ಮ?”

“ಮತ್ತೆ? ಅದೂ ಬಯಲೇ ಅಲ್ವಾ? ಅಡಿಯಲ್ಲಿ ಯಾವ ಗಿಡ ಇತ್ತು ಅಂತ ಬರೀಬೇಕು. ನಾನಂತೂ ಈ ಕಡೆ ಬಂದೇ ಇಲ್ಲ.” ಚಿಕ್ಕಮ್ಮ ನಿಂತು ತಿರುಗಿದಳು. “ನೀನು ಪಕ್ಕದಲ್ಲೇ ಹೋಗಿದ್ಯಲ್ಲ. ಏನೇನಿತ್ತು?”

ಗಿರಗಿಟ್ಲೆ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಉದ್ದ ಹುಲ್ಲೋ ಗಿಡ್ಡ ಹುಲ್ಲೋ? ಹೂವಿತ್ತೋ ಇಲ್ಲವೋ? ಎಷ್ಟು ನೆನೆದರೂ ಒಂದೂ ಬರಲಿಲ್ಲ. ಅಷ್ಟು ಹತ್ತಿರ ಹೋಗಿದ್ದವಳು ಅವಳೊಬ್ಬಳೇ. ಇನ್ನು ಯಾರನ್ನು ಕೇಳುವುದು?

“ನೋಡ್ಲಿಲ್ಲ ಚಿಕ್ಕಮ್ಮ.”

“ಹೂಂ,” ಎಂದು ಚಿಕ್ಕಮ್ಮ ಮುಂದೆ ನಡೆದಳು.

ಗಿರಗಿಟ್ಲೆ ಮಣ್ಣು ಬೀಳದೆ ಉಳಿದ ಕಡೆ ಬಗ್ಗಿ ನಿಂತಳು. ಒಂದು ಹುಲ್ಲಿನ ದಂಟು ಮುಟ್ಟಿದರೆ ಗುಂಡಗಿರಲಿಲ್ಲ, ಮೂರು ಅಂಚು ಕೈಗೆ ಸಿಕ್ಕವು. ಇನ್ನೊಂದರ ಎಲೆಗಳು ನೀರಿನ ಮೇಲೆ ಚಪ್ಪಟೆಯಾಗಿ ಮಲಗಿದ್ದವು. ಅವುಗಳ ನಡುವೆ ಉಗುರಿನಷ್ಟು ಚಿಕ್ಕ ಬಿಳಿ ಹೂ ಇತ್ತು.

“ಬಾರೇ, ಸ್ಕೂಲಿಗೆ ಹೊತ್ತಾಯ್ತು!” ಚಿಕ್ಕಮ್ಮ ದೂರದಿಂದ ಕೂಗಿದಳು.

“ತಡಿ ಚಿಕ್ಕಮ್ಮ,” ಎಂದಳು ಗಿರಗಿಟ್ಲೆ. “ಇದೊಂದು ಇನ್ನೂ ನೋಡಿಲ್ಲ.”