ಬಾಡಿಗೆ ಮನೆಯ ಭಾನಾಮತಿ

ಸುಣ್ಣದ ಎರಡನೆಯ ಕೈ ಮುಗಿಯುವುದರಲ್ಲಿತ್ತು. ಯಶೋದಾಬಾಯಿ ಏಣಿಯ ಮೇಲೆ ನಿಂತು ಪಡಸಾಲೆಯ ಮೂಲೆಗೆ ಕುಂಚ ಒತ್ತುತ್ತಿದ್ದಾಗ ಮನೆಯ ಒಡತಿ ರುಕ್ಮಿಣಿಬಾಯಿ ಯಾರನ್ನೋ ಕರೆದುಕೊಂಡು ಒಳಗೆ ಬಂದಳು. ಬಂದವನು ಚಿಟಗುಪ್ಪದ ಬೆಲ್ಲದ ವ್ಯಾಪಾರಿ ಮಹಾರುದ್ರಪ್ಪ. ಚಪ್ಪಲಿ ಬಿಡದೆ ಪಡಸಾಲೆ ದಾಟಿದ. ಗೋಡೆ ಕುಟ್ಟಿದ, ತೊಲೆ ನೋಡಿದ, ಹಿತ್ತಲಿಗೆ ಹೋಗಿ ಬಾವಿಗೆ ಇಣುಕಿದ.

"ಬಾಡಿಗಿಯವ್ರು ಮನಿ ಭಾಳ ಚೊಕ್ಕ ಇಟ್ಟಾರ್ರಿ. ನನಗ ಸುಣ್ಣದ ಖರ್ಚೂ ಉಳೀತು ನೋಡ್ರಿ," ಎಂದ.

ರುಕ್ಮಿಣಿಬಾಯಿ ನಕ್ಕಳು. ಏಣಿಯ ಕಡೆ ಮಾತ್ರ ನೋಡಲಿಲ್ಲ.

ಹುಮನಾಬಾದಿನ ಆ ಹಳೆಯ ಗಲ್ಲಿಗೆ ಯಶೋದಾ ಬಂದಾಗ ಮಗಳು ಅಮೃತ ಹೊಟ್ಟೆಯಲ್ಲಿದ್ದಳು. ಈಗ ಅವಳು ಹೈಸ್ಕೂಲಿಗೆ ಹೋಗುವ ಹುಡುಗಿ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹೊತ್ತು ಹಾಕಿದವಳು, ಕುಸಿದ ಬಚ್ಚಲಿಗೆ ಕಲ್ಲು ಹಾಸಿದವಳು, ಪ್ರತಿ ದಸರೆಗೆ ಸುಣ್ಣ ಬಳಿದವಳು ಯಶೋದಾ. "ಮಾರೂದಾದ್ರ ನಿನಗಽ ಕೊಡ್ತೀನಿ ಯಶೋದಾ, ಹೊರಗಿನವ್ರಿಗೆ ಯಾಕ ಕೊಡ್ಲಿ?" ಎಂದು ರುಕ್ಮಿಣಿಬಾಯಿ ಎಷ್ಟು ಸಲ ಹೇಳಿದ್ದಳೋ! ಆಮೇಲೆ ಗಲ್ಲಿಗೆ ನಳ ಬಂತು, ಬಸ್‌ಸ್ಟ್ಯಾಂಡಿನ ರಸ್ತೆ ಅಗಲವಾಯಿತು, ಮುರುಕು ಮನೆಗಳಿಗೂ ಗಿರಾಕಿಗಳು ಹುಟ್ಟಿಕೊಂಡರು. ಮಾತು ಮರೆತುಹೋಯಿತು.

ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಗಂಡ ದಿಗಂಬರ ಊಟಕ್ಕೆ ಕೂತಾಗ ಹೇಳಿದಳು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಮನಿ ಅವ್ರದು. ಮಾರಾಕತ್ತಾರ. ನಾವೇನ್ ಮಾಡಾಕ ಆಗ್ತದ?"

ಅವನ ತಾಟಿಗೆ ಇನ್ನೊಂದು ರೊಟ್ಟಿಯನ್ನು ಎಸೆದಂತೆಯೇ ಹಾಕಿದಳು. ಏನು ಮಾಡಬಹುದೆಂಬುದು ಅವಳಿಗೆ ಆಗಲೇ ಹೊಳೆದಿತ್ತು.

ಕಲ್ಯಾಣದ ಹತ್ತಿರದ ತವರೂರು ನಾರಾಯಣಪುರದಲ್ಲಿ, ಅವಳು ಚಿಕ್ಕವಳಿದ್ದಾಗ, ಭಾನಾಮತಿಯ ಹೆಸರಿಗೆ ಒಂದು ಗಟ್ಟಿಮುಟ್ಟಾದ ಮನೆ ಪಾಳು ಬಿದ್ದಿತ್ತು. ಯಾರೋ ಮಾಡಿಸಿದ ಮಾಟವಂತೆ. ಮಾಳಿಗೆಯ ಮೇಲೆ ಕಲ್ಲು ಬೀಳುತ್ತಿದ್ದವು, ಪೆಟ್ಟಿಗೆಯೊಳಗಿನ ಬಟ್ಟೆ ಹರಿಯುತ್ತಿತ್ತು, ಅನ್ನದಲ್ಲಿ ಬೂದಿ ಸಿಗುತ್ತಿತ್ತು. ಪುಕ್ಕಟೆ ಕೊಟ್ಟರೂ ಆ ಮನೆ ಯಾರಿಗೂ ಬೇಡವಾಗಿತ್ತು. ಭಾನಾಮತಿ ಎಂದರೆ ಈ ಸೀಮೆಯಲ್ಲಿ ಪೋಲೀಸರೂ ಹೊಸ್ತಿಲ ಹೊರಗೇ ನಿಂತು ಮಾತಾಡುತ್ತಾರೆ.

ಯಶೋದಾ ಅವಸರ ಮಾಡಲಿಲ್ಲ. ಮೊದಲು ಬೇಳೆಯಲ್ಲಿ ಒಂದು ಚಿಟಿಕೆ ಬೂದಿ ಬೆರೆಸಿ, ಗಂಡ ಮುಖ ಸಿಂಡರಿಸಿದಾಗ ತಾನೇ ಬೆಚ್ಚಿಬಿದ್ದಳು. ಕೆಲವು ದಿನ ಸುಮ್ಮನಿದ್ದು, ಮಧ್ಯಾಹ್ನ ಗಲ್ಲಿ ಖಾಲಿ ಇರುವಾಗ ಹಿತ್ತಲಿನಿಂದ ಮಾಳಿಗೆಯ ಮೇಲೆ ಕಲ್ಲು ಎಸೆದಳು. ಕಲ್ಲು ಬಿದ್ದ ಸದ್ದು ಅಡಗುವ ಮೊದಲೇ ಮುಂಬಾಗಿಲಿಗೆ ಓಡಿ ಬಂದು ಚೀರಿದಳು. ನೆರೆಯವರು ಬಂದಾಗ ಅವಳು ಹೊರಗೇ ಇದ್ದಳು, ಮಾಳಿಗೆಯ ಮೇಲೆ ಯಾರೂ ಇರಲಿಲ್ಲ.

ಸೀರೆಯ ಕೆಲಸ ಎಲ್ಲಕ್ಕಿಂತ ಚೆನ್ನಾಗಿ ಆಯಿತು. ಮಡಿಸಿದ ಸೀರೆಗೆ ಬ್ಲೇಡಿನಿಂದ ಒಂದೇ ಒಂದು ಗೀರು ಎಳೆದು ಟ್ರಂಕಿನಲ್ಲಿ ಮೊದಲಿನಂತೆಯೇ ಇಡುತ್ತಿದ್ದಳು. ಹತ್ತು ಜನ ಹೆಂಗಸರೆದುರು ಬಿಚ್ಚಿದಾಗ ಉದ್ದಕ್ಕೂ ಸಾಲಾಗಿ ಒಂದೇ ಅಳತೆಯ ತೂತುಗಳು. ಮನುಷ್ಯರ ಕೈಗೆ ಇದು ಸಾಧ್ಯವೇ ಎಂದು ಅವರವರೇ ಕೇಳಿಕೊಂಡರು. ಸೀರೆ ಹೋದ ದುಃಖಕ್ಕೆ ಅವಳು ಅತ್ತದ್ದಂತೂ ನಿಜವಾಗಿಯೇ.

ಮಹಾರುದ್ರಪ್ಪನ ಹೆಂಡತಿ ಮನೆ ನೋಡಲು ಬಂದವಳು ನೀರು ಕೂಡ ಕುಡಿಯದೆ ಟಾಂಗಾ ಹತ್ತಿದಳು. ಆಮೇಲೆ ಗಿರಾಕಿಗಳೇ ಬರಲಿಲ್ಲ. ಕೊನೆಗೆ ರುಕ್ಮಿಣಿಬಾಯಿಯೇ ಬಂದು, ಈ ಸಲ ಹೊಸ್ತಿಲಾಚೆ ನಿಂತು, "ನೀವಾದ್ರೂ ತಗೋರಿ, ಎಷ್ಟಾದ್ರೂ ಕೊಡ್ರಿ," ಎಂದಳು.

"ಬಡವ್ರು ಎಲ್ಲಿಗೆ ಹೋಗೂಣ್ರಿ ಕಾಕು? ಶಾಂತಿ ಮಾಡಿಸಿಕೊಂಡು ಇರ್ತೀವಿ," ಎಂದು ಯಶೋದಾ ತಲೆ ತಗ್ಗಿಸಿದಳು. ನಗು ಕಾಣಬಾರದಲ್ಲ.

ಆದರೆ ಮನೆ ಕೊಳ್ಳಲು ದಿಗಂಬರ ಹೆದರಿದ್ದ. ಅವನಿಗೆ ಧೈರ್ಯ ಹೇಳಿಸಲೆಂದು ರುಕ್ಮಿಣಿಬಾಯಿ ಗಯಾಬಾಯಿಯನ್ನು ಕರೆತಂದಳು. ಭಾನಾಮತಿ ಬಿಡಿಸುವುದರಲ್ಲಿ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರಾದ ಮುದುಕಿ ಅವಳು. ಎಲೆಯಡಿಕೆ ಜಗಿಯುತ್ತ ಕೋಣೆ ಕೋಣೆ ತಿರುಗಿದಳು, ಟ್ರಂಕು ತೆಗೆಸಿದಳು, ಹಿತ್ತಲಿಗೆ ಹೋಗಿ ಬಂದಳು.

"ಮನಿ ಬಂಗಾರದಂಥಾದ್ದದ. ದಿಗಂಬರ, ಧೈರ್ಯಲೇ ತಗೋ."

ಯಶೋದಾಳ ಎದೆ ಹಗುರಾಯಿತು. ಮುದುಕಿ ಉಗುಳಿ ಬಂದು ಕೂತಳು.

"ಭಾನಾಮತಿ ಗ್ವಾಡಿಗೆ ಹತ್ತೂದಿಲ್ಲೋ ಯಪ್ಪಾ, ಮನುಷ್ಯಾಗ ಹತ್ತತದ. ಇದು ನಿನ್ನ ಹೆಂಡ್ತಿಗೆ ಹತ್ಯಾದ. ಅಕೀನ್ನ ಅವರಪ್ಪನ ಮನಿಗೆ ಕಳಸು. ಇಲ್ಲೆಲ್ಲಾ ಶಾಂತ ಆಗ್ತದ. ತಿರುಗಿ ಕರಕೊಂಡಿ ಅಂದ್ರ ಮತ್ತ ಸುರು."

"ಅಕಿ ಮೊದಲ ಹೋಗ್ಲಿ," ಎಂದಳು ರುಕ್ಮಿಣಿಬಾಯಿ, "ಆಮ್ಯಾಲ ರಜಿಸ್ಟ್ರಿ ಮಾಡೂಣು."

ದಿಗಂಬರ ಹೆಂಡತಿಯ ಕಡೆ ತಿರುಗುತ್ತಾನೆ, ಇಲ್ಲ ಎನ್ನುತ್ತಾನೆ ಎಂದು ಯಶೋದಾ ಕಾದಳು. ಅವನು ಕೇಳಿದ್ದು ಇಷ್ಟೇ: "ಪೋರಿ ಅಮೃತ ಇಲ್ಲೇ ಇರಬಹುದೇನ್ರಿ ಆಯಿ?"

"ಇರ್ಲಿ. ಅಕೀಗೇನೂ ಇಲ್ಲ."

"ಹಂಗಾದ್ರ ನಾಳೆ ಮುಂಜಾನಿ ಕಲ್ಯಾಣದ ಬಸ್ಸಿಗೆ ಕಳಸ್ತೀನ್ರಿ."

ಯಶೋದಾ ಮುದುಕಿಯ ಮುಂದೆ ಬಂದು ನಿಂತಳು. "ನನಗಽ ಹತ್ಯಾದ ಅಂತ ಹ್ಯಾಂಗ ಹೇಳ್ತೀರಿ ಆಯಿ?"

"ನೀನಽ ನೋಡಬಾರದ?" ಎಂದು ಗಯಾಬಾಯಿ ಹಿತ್ತಲಿನ ಹಗ್ಗದ ಕಡೆ ಬೆರಳು ತೋರಿಸಿದಳು.

ಹಗ್ಗದ ಮೇಲೆ ದಿಗಂಬರನ ಧೋತರಗಳು, ಅಮೃತಳ ಲಂಗಗಳು ಬಿಸಿಲಿಗೆ ಆರುತ್ತಿದ್ದವು. ಒಂದಕ್ಕೂ ಒಂದು ಗೀರಿರಲಿಲ್ಲ. ಹರಿದದ್ದೆಲ್ಲ ಯಶೋದಾಳ ಸೀರೆಗಳೇ. ಅಷ್ಟೊಂದು ಮಧ್ಯಾಹ್ನಗಳಲ್ಲಿ ಬ್ಲೇಡು ಹಿಡಿದು ಟ್ರಂಕಿನ ಮುಂದೆ ಕೂತಿದ್ದರೂ, ಗಂಡ ಅಂಗಡಿಗೆ ಉಟ್ಟುಕೊಂಡು ಹೋಗುವ ಬಟ್ಟೆ ಎಂದು, ಮಗಳು ಶಾಲೆಗೆ ಹಾಕಿಕೊಳ್ಳುವುದು ಎಂದು, ಕೈ ತಾನಾಗಿಯೇ ಅವನ್ನು ಪಕ್ಕಕ್ಕೆ ಸರಿಸಿತ್ತು. ಅದು ಅವಳ ಗಮನಕ್ಕೂ ಬಂದಿರಲಿಲ್ಲ. ಈಗ ಬಾಯಿ ಬಿಟ್ಟರೆ ಮನೆ ಹೋಗುತ್ತಿತ್ತು, ಬಿಡದಿದ್ದರೆ ಅವಳು. ಒಳಗೆ ದಿಗಂಬರ ಆಗಲೇ ಅವಳ ಟ್ರಂಕು ಎಳೆಯುವ ಸದ್ದು ಕೇಳಿಸಿತು. ಯಶೋದಾ ಹಿತ್ತಲಿಗೆ ಹೋಗಿ ಆರಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆದಳು. ಮಗಳ ಲಂಗಗಳನ್ನು ಬೇರೆ ಇಟ್ಟಳು. ನಾಳೆ ತನ್ನನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅವನು ಅಂಗಡಿಗೆ ಉಡಲಿರುವ ಧೋತರವನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದಳು, ಮತ್ತೆ ಮಡಿಸಿದಳು. ಈ ಮನೆ ತನಗಿಲ್ಲವೆಂದರೆ ಅವನಿಗೂ ಬೇಡ. ಗೀರು ಎಲ್ಲಿ ಬೀಳಬೇಕೆಂದು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದಳು. "ಯಾಕ ತಡಾ?" ಎಂದು ಅವನು ಒಳಗಿನಿಂದ ಕೂಗಿದ. "ಏನಿಲ್ರಿ, ಬಂದೆ," ಎಂದಳು.