ಹುಳ ಆಯಲು ಬಂದವಳು

“ತಗೋ, ಇದು ನಿಂಗೆ,” ಎಂದು ಅಕ್ಷಿತಾ ಚಾಕಲೇಟನ್ನು ಮುಂದೆ ಹಿಡಿದಳು.

ದಿವ್ಯ ಕಣ್ಣರಳಿಸಿದಳು. “ಯಾಕೆ? ಇವತ್ತು ನಿನ್ ಬರ್ತ್‌ಡೇನಾ?”

“ಅಲ್ಲ ಕಣೇ. ನಮ್ ಹುಳ ಆಯ್ದೆಯಲ್ಲ, ಅದ್ಕೆ. ನಾಳೆನೂ ಬಂದ್ರೆ ಇನ್ನೊಂದು ಕೊಡ್ತೀನಿ.”

ದಿವ್ಯಳ ಮುಖ ಸಪ್ಪಗಾಯಿತು. “ನಾನೇನ್ ಕೂಲಿಗ್ ಬಂದಿದ್ನಾ?” ಎಂದವಳೇ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಅಕ್ಷಿತಾ ಬಾಗಿಲಲ್ಲೇ ನಿಂತಳು. ಚಾಕಲೇಟು ಕೈಯಲ್ಲೇ ಮೆತ್ತಗಾಯಿತು.

ಸಿಂಧಘಟ್ಟದ ಅವಳ ಮನೆಯಲ್ಲಿ ಅವತ್ತು ರೇಷ್ಮೆ ಹುಳ ಹಣ್ಣಾಗಿದ್ದವು. ಹಣ್ಣಾಗುವುದೆಂದರೆ ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿಯಾಗಿ, ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಅವನ್ನು ಬೇಗ ಬೇಗ ಆಯ್ದು ಚಂದ್ರಂಕಿ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸಿಕ್ಕಸಿಕ್ಕ ಕಡೆ ಎಳೆ ಬಿಟ್ಟು ಬೆಳೆಯೇ ಕೆಡುತ್ತದೆ. ಅದಕ್ಕೇ ಸುದ್ದಿ ಕಿವಿಗೆ ಬಿದ್ದ ಕೂಡಲೇ ಬೀದಿಯವರು ಬಂದು ಕೂತಿದ್ದರು. ಇಂಥ ಕೆಲಸಕ್ಕೆ ಆ ಬೀದಿಯಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ.

ಅಕ್ಷಿತಾಳ ಕಷ್ಟ ಅವಳಿಗೇ ಗೊತ್ತು. ಹುಳ ಮನೆಗೆ ಬಂದಾಗಿನಿಂದ ಅಪ್ಪ ಅವ್ವನಿಗೆ ಹುಳದ್ದೇ ಜಪ. ಆ ಹುಳಗಳಿಗೆ ಸಿಗುವ ಉಪಚಾರದಲ್ಲಿ ಅರ್ಧ ಸಿಕ್ಕಿದ್ದರೂ ಅವಳು ಹಾಡಿ ಕುಣಿಯುತ್ತಿದ್ದಳು. ಅಕ್ಕ ಸ್ನೇಹ ಬೆಳಿಗ್ಗೆ ಬಸ್ಸು ಹತ್ತಿ ಕೆ.ಆರ್. ಪೇಟೆಯ ಕಾಲೇಜಿಗೆ ಹೋದರೆ, ಸಂಜೆ ಬಂದು ಪುಸ್ತಕಕ್ಕೆ ಅಂಟಿಕೊಳ್ಳುತ್ತಿದ್ದಳು. ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ದಿವ್ಯ ಬಂದ ಸಂಜೆ ಮಾತ್ರ ಮನೆ ಮನೆಯಂತಿರುತ್ತಿತ್ತು. ಅವಳು ನಾಳೆ ಬಾರದಿದ್ದರೆ?

ಹಿಂದಿನ ದಿನ ಸ್ನೇಹ ಗೊಣಗುತ್ತಿದ್ದಳು. “ಜನ ಯಾಕೆ ಕೆಲಸ ಮಾಡ್ತಾರೆ ಅಂತ ಸೆಮಿನಾರು ಕೊಡ್ಬೇಕು. ಒಬ್ಬೊಬ್ರದ್ದು ಒಂದೊಂದು ಥಿಯರಿ. ಎಲ್ಲಿಂದ ಶುರು ಮಾಡೋದೋ!” ಆಮೇಲೆ ಮೊದಲ ಪಾಠವನ್ನು ಜೋರಾಗಿ ಓದಿದ್ದಳು. ಬಹುಮಾನ ಸಿಕ್ಕರೆ ಜನ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾರಂತೆ. ಅಕ್ಷಿತಾಗೆ ಅಷ್ಟೇ ಸಾಕಾಗಿತ್ತು.

ಮರುದಿನ ಶಾಲೆಯಲ್ಲಿ ದಿವ್ಯ ಬೇರೆ ಬೆಂಚಿನಲ್ಲಿ ಕೂತಳು. ಬಿಸಿಯೂಟದ ಹೊತ್ತಿಗೂ ಹತ್ತಿರ ಬರಲಿಲ್ಲ. ಅಕ್ಷಿತಾ ಗೋಡೆ ಪಕ್ಕ ಒಬ್ಬಳೇ ಕೂತಳು. ಸಂಜೆ ಹುಳ ಆಯಲು ದಿವ್ಯಳ ಅಜ್ಜಿ ಪುಟ್ಟತಾಯಮ್ಮ ಮಾತ್ರ ಬಂದರು.

“ನಿನ್ ಪುಸ್ತಕ ಬರೀ ಸುಳ್ಳು!” ಅಕ್ಷಿತಾ ಅಕ್ಕನ ಮೇಲೆ ರೇಗಿದಳು. ನಡೆದದ್ದನ್ನೆಲ್ಲ ಹೇಳುತ್ತ ಅತ್ತೇಬಿಟ್ಟಳು.

ಸ್ನೇಹ ನಗಲಿಲ್ಲ. “ನಾನಿನ್ನೂ ಮೊದಲ್ನೇ ಪಾಠದಲ್ಲಿದ್ದೆ ಕಣೇ. ಮುಂದೆ ಬೇರೆ ಬೇರೆ ಥಿಯರಿ ಅವೆ.” ಪುಸ್ತಕ ಮುಚ್ಚಿ, ಹುಳ ಆಯುತ್ತಿದ್ದ ಅಜ್ಜಿಯ ಕಡೆ ತಿರುಗಿದಳು. “ಅಜ್ಜಿ, ನೀನ್ಯಾಕೆ ನಮ್ಮನೆ ಕೆಲ್ಸಕ್ಕೆ ಬತ್ತೀಯೆ?”

“ಇದೇನ್ ಇಂಗ್ ಕೇಳ್ತೀಯವ್ವ!” ಪುಟ್ಟತಾಯಮ್ಮ ಕೈ ನಿಲ್ಲಿಸಲಿಲ್ಲ. “ನಮ್ಮನೇಲಿ ಹಣ್ಣಾದಾಗ ನೀವು ಬರಕಿಲ್ವಾ? ನಾಕ್ ಜನ ಜೊತೇಲಿ ಕುಂತ್ರೆ ಒತ್ತು ಓಗೋದೇ ತಿಳಿಯಕಿಲ್ಲ. ಮನೇಲಿ ಒಬ್ಳೇ ಹುಳುಗಳ್ ಜೊತೆ ಮಾತಾಡ್ಲಾ?”

ಅಕ್ಷಿತಾ ಅಜ್ಜಿಯ ಮುಖವನ್ನೇ ನೋಡಿದಳು. ಅಜ್ಜಿಗೂ ಒಬ್ಬಳೇ ಇರಲು ಬೇಜಾರು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ದಿವ್ಯಳಿಗೂ ಹಾಗೇ ಇತ್ತೇನೋ.

ಮುಂದಿನ ವಾರ ದಿವ್ಯಳ ಮನೆಯಲ್ಲಿ ಹುಳ ಹಣ್ಣಾದವು. ಅವ್ವನ ಹಿಂದೆ ಅಕ್ಷಿತಾ ಕಾಲೆಳೆಯುತ್ತ ಹೋದಳು. ದಿವ್ಯ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದಳು. ಅಕ್ಷಿತಾ ದೂರ ಕೂತು, ಹಳದಿಯಾದ ಹುಳಗಳನ್ನೇ ಹುಡುಕಿ ಆಯ್ದಳು. ತಣ್ಣನೆಯ ಹುಳ ಅಂಗೈ ಮೇಲೆ ಹರಿದಾಡಿದವು. ಸುತ್ತ ಹೆಂಗಸರು ಏನೇನೋ ಹೇಳಿ ನಗುತ್ತಿದ್ದರು. ಅವಳ ಜೊತೆ ಮಾತ್ರ ಯಾರೂ ಮಾತಾಡಲಿಲ್ಲ. ಆದರೂ ಎದ್ದು ಹೋಗಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಸಂಜೆ ವಾಪಸು ಹೋಗುವಾಗ ಅವ್ವ ಕೇಳಿದಳು, “ದಿವ್ಯ ಮಾತಾಡಿದ್ಲಾ?”

“ಇಲ್ಲ.”

“ಅಂಗಾದ್ರೆ ನಾಳೆ ಮನೇಲೇ ಇರು, ಬುಡು.”

ಅಕ್ಷಿತಾ ಅಂಗೈಗೆ ಅಂಟಿದ್ದ ರೇಷ್ಮೆ ಎಳೆಯನ್ನು ಬಿಡಿಸಿಕೊಂಡಳು.

“ಬತ್ತೀನಿ ಕಣವ್ವ,” ಅಂದಳು. “ಅವರ್ ಮನೇಲಿ ಇನ್ನೂ ಅರ್ಧ ಹುಳ ಹಣ್ಣಾಗ್ಬೇಕು.”