ಕಲ್ಲು ಎಷ್ಟು ಸಲ ಹಾರಿತು

“ಆಮೇಲೆ ನನ್ನ ತಮ್ಮನ ಚಪ್ಪಲಿ ನೀರಿಗೆ...” ಎಂದು ಚಿಟ್ಟಿ ಹೇಳುತ್ತಿದ್ದಂತೆಯೇ ಹಿಂದಿನ ಬೆಂಚಿನಲ್ಲಿ ಒಂದು ಉದ್ದನೆಯ ಕತ್ತು ಮೇಲೆದ್ದಿತು. ಆ ಕತ್ತಿನಿಂದಾಗಿಯೇ ಎಲ್ಲರೂ ಅವನನ್ನು ಒಂಟೆ ಎನ್ನುತ್ತಿದ್ದರು.

“ತೇಲ್ಕೊಂಡು ಹೋಯ್ತು ಮಿಸ್. ಇವಳಪ್ಪ ಪ್ಯಾಂಟ್ ಮಡಚಿಕೊಂಡು ಅದರ ಹಿಂದೆ ಓಡಿದ್ರು. ಆ ವಿಡಿಯೋ ನಾನು ಮೂರು ಸಲ ನೋಡಿದೀನಿ.”

ತರಗತಿಯೆಲ್ಲ ನಕ್ಕಿತು. ಚಿಟ್ಟಿಯ ಕಿವಿ ಬಿಸಿಯಾಯಿತು.

ರಜೆ ಮುಗಿದು ಶಾಲೆ ಶುರುವಾದ ದಿನ ಅದು. ರಜೆಯಲ್ಲಿ ನಡೆದ ಒಂದು ಸಂಗತಿಯನ್ನು ಎಲ್ಲರೂ ಹೇಳಬೇಕು ಎಂದಿದ್ದರು ಮಿಸ್. ಚಿಟ್ಟಿ ಮೊದಲು ಸರೋವರದ ದೋಣಿಯ ಸುದ್ದಿ ತೆಗೆದಿದ್ದಳು. ಹಳದಿ ದೋಣಿ ತಾನೇ, ಎಂದು ಯಾರೋ ಕೇಳಿದರು. ಹೋಟೆಲಿನ ಕೋಣೆ ಎಂದಳು. ಪರದೆಯ ಮೇಲೆ ಮೀನಿನ ಚಿತ್ರ ಇತ್ತಲ್ಲ, ಎಂದರು ಇನ್ಯಾರೋ. ಎಲ್ಲವನ್ನೂ ಅವಳಿಗಿಂತ ಮೊದಲೇ ಅವಳ ಅಮ್ಮನ ಪೇಜ್ ಹೇಳಿ ಮುಗಿಸಿತ್ತು.

ಚಿಟ್ಟಿಯ ಅಮ್ಮ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಮನೆಗೆ ಬಂದ ಮೇಲೆ ಬಣ್ಣದ ಕಾಗದ ಕತ್ತರಿಸಿ ಹಕ್ಕಿ, ಹೂವು, ಮೋಡ ಮಾಡುತ್ತಿದ್ದಳು. ಅವುಗಳ ಫೋಟೋ ಪೇಜಿಗೆ ಹೋಗುತ್ತಿತ್ತು. ಮನೆಯವರ ಊಟ, ಆಟ, ಪ್ರವಾಸ ಎಲ್ಲವೂ ಹೋಗುತ್ತಿದ್ದವು. ತರಗತಿಯ ಮಕ್ಕಳೆಲ್ಲ ತಮ್ಮ ತಮ್ಮ ಅಮ್ಮಂದಿರ ಫೋನಿನಲ್ಲಿ ಅದನ್ನು ನೋಡುತ್ತಿದ್ದರು.

“ಪರವಾಗಿಲ್ಲ, ಕೂತ್ಕೊ. ನಾಳೆ ಹೇಳು,” ಎಂದರು ಮಿಸ್. “ಯಾರೂ ನೋಡದೇ ಇರೋದು ಒಂದಾದ್ರೂ ಇರತ್ತಲ್ಲ?”

ಇರುತ್ತದೆಯೇ? ಮನೆಯವರೆಗೂ ಚಿಟ್ಟಿ ತಲೆ ಕೆರೆದುಕೊಂಡೇ ನಡೆದಳು. ಏನು ನೆನಪಾದರೂ ಅದರ ಕೆಳಗೆ ಪುಟ್ಟ ಪುಟ್ಟ ಕೆಂಪು ಲೈಕುಗಳು ಕಾಣುತ್ತಿದ್ದವು.

ಸಂಜೆ ಅಮ್ಮ ನೀಲಿ ಕಾಗದ ಹಿಡಿದು ಕೂತಿದ್ದಳು. ಚಿಟ್ಟಿ ಅವಳೆದುರು ಹೋಗಿ ನಿಂತಳು.

“ನೀನು ಎಲ್ಲಾನೂ ಹಾಕಿಬಿಟ್ಟಿದೀಯಮ್ಮ. ನನಗೆ ಹೇಳೋಕೆ ಏನೂ ಉಳಿಸಿಲ್ಲ.”

ಕತ್ತರಿ ನಿಂತಿತು. ಅಮ್ಮ ಮಗಳ ಮುಖ ನೋಡಿದಳು. ಫೋನನ್ನು ಅವಳ ಕೈಗೆ ಕೊಟ್ಟು, “ಹುಡುಕು. ಏನಾದ್ರೂ ಬಿಟ್ಟೇ ಬಿಟ್ಟಿರ್ತೀನಿ,” ಎಂದಳು. ದನಿ ಸಣ್ಣದಾಗಿತ್ತು.

ಚಿಟ್ಟಿ ಮೂಲೆಯಲ್ಲಿ ಕೂತು ಹುಡುಕಿದಳು. ಬಾಯಿ ತೆರೆದು ನಿದ್ದೆ ಹೋದ ಅಪ್ಪ. ಚಪ್ಪಲಿಗಾಗಿ ಅಳುತ್ತಿರುವ ತಮ್ಮ. ದೋಣಿಯಲ್ಲಿ ಹಲ್ಲು ಕಿರಿಯುತ್ತಿರುವ ತಾನು. ಮೋಡ, ಮೀನಿನ ಪರದೆ, ಮತ್ತೆ ಅಪ್ಪ, ಮತ್ತೆ ತಮ್ಮ.

ಅಮ್ಮ ಎಲ್ಲಿ?

ಚಿಟ್ಟಿ ಮತ್ತೆ ಮೊದಲಿನಿಂದ ನೋಡಿದಳು. ಒಂದು ಫೋಟೋದಲ್ಲಿ ಮರಳಿನ ಮೇಲೆ ಮೊಣಕೈ ಎತ್ತಿದ ಉದ್ದನೆಯ ನೆರಳಿತ್ತು. ಇನ್ನೊಂದರ ಅಂಚಿನಲ್ಲಿ ಒಂದು ಬೆರಳು. ಅಷ್ಟೇ ಅಮ್ಮ. ಫೋನ್ ಹಿಡಿದಿದ್ದವಳು ಅವಳೇ ಅಲ್ಲವೇ?

ಬೆರಳಿನ ಆ ತುದಿಯನ್ನೇ ನೋಡುತ್ತ ಕೂತವಳಿಗೆ ತಣ್ಣಗೆ ಏನೋ ನೆನಪಾಯಿತು. ತಣ್ಣನೆಯ ಕಲ್ಲು.

ಪ್ರವಾಸದ ಎರಡನೆಯ ದಿನದ ಬೆಳಗ್ಗೆ. ಅಪ್ಪ, ತಮ್ಮ ಇನ್ನೂ ಮಲಗಿದ್ದರು. ಫೋನ್ ಕೋಣೆಯಲ್ಲಿ ಚಾರ್ಜಿಗೆ ಹಾಕಿತ್ತು. ಅಮ್ಮ, ಚಿಟ್ಟಿ ಇಬ್ಬರೇ ದಡಕ್ಕೆ ಹೋಗಿದ್ದರು. ಎಲ್ಲಿ ನೋಡಿದರೂ ಮಂಜು. ನೀರು ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ, ಒಂದೂ ತಿಳಿಯುತ್ತಿರಲಿಲ್ಲ. ಅಮ್ಮ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಒಮ್ಮೆ ಕಟ್ಟಿಕೊಂಡಳು, ಒಮ್ಮೆ ಬಿಟ್ಟಳು. ಆಮೇಲೆ ಬಗ್ಗಿ ಒಂದು ಚಪ್ಪಟೆ ಕಲ್ಲು ಆರಿಸಿ ಚಿಟ್ಟಿಯ ಅಂಗೈಯಲ್ಲಿಟ್ಟು, ಹಗುರ ಇದೆಯಾ ನೋಡು ಎಂದಳು. ಮತ್ತೆ ಅದನ್ನು ತೆಗೆದುಕೊಂಡು, ಸೊಂಟ ಬಳುಕಿಸಿ ಎಸೆದಳು.

ಕಲ್ಲು ಮುಳುಗಲಿಲ್ಲ. ನೀರಿನ ಮೇಲೆ ಹಾರಿತು, ಹಾರಿತು, ಹಾರುತ್ತಲೇ ಮಂಜಿನೊಳಗೆ ಹೋಯಿತು. ಬಿದ್ದಲ್ಲೆಲ್ಲ ಒಂದೊಂದು ಉಂಗುರ. ಅಮ್ಮ ಚಿಕ್ಕ ಹುಡುಗಿಯ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಿದ್ದಳು.

ಇಷ್ಟು ಚೆನ್ನಾಗಿದ್ದದ್ದು ಮರೆತೇ ಹೋಗಿತ್ತಲ್ಲ! ಪೇಜಿನಲ್ಲಿ ಇಲ್ಲವೆಂದೇ ಮರೆತೆನೇನೋ ಅನಿಸಿ ಚಿಟ್ಟಿಗೆ ಸ್ವಲ್ಪ ಹೆದರಿಕೆಯಾಯಿತು.

ಮರುದಿನ ತರಗತಿಯಲ್ಲಿ ಅವಳು ಮಂಜಿನಿಂದ ಶುರುಮಾಡಿದಳು. ಈ ಸಲ ಯಾರೂ ಅವಳ ಮಾತು ಕಸಿಯಲಿಲ್ಲ. ಕಲ್ಲು ಹಾರುವಾಗ ಮುಂದಿನ ಬೆಂಚಿನವರು ಕುತ್ತಿಗೆ ತಿರುಗಿಸಿ ಕಿಟಕಿಯ ಕಡೆ ನೋಡಿದರು, ಅದು ಅಲ್ಲೇ ಹೊರಗೆ ಹೋಗುತ್ತಿದೆಯೇನೋ ಎಂಬಂತೆ.

“ಏಳು ಸಲ,” ಎಂದು ಮುಗಿಸಿದಳು ಚಿಟ್ಟಿ.

ಒಂಟೆಯ ಕತ್ತು ಮೇಲೆದ್ದಿತು. “ಇದು ವಿಡಿಯೋದಲ್ಲಿ ಇರ್ಲಿಲ್ಲ.”

“ಇಲ್ಲ.”

“ಮತ್ತೆ ನಂಬೋದು ಹೇಗೆ?”

ಚಿಟ್ಟಿ ಯೋಚಿಸಿದಳು. ತೋರಿಸಲು ಅವಳ ಬಳಿ ಏನೂ ಇರಲಿಲ್ಲ. “ಗೊತ್ತಿಲ್ಲ ಕಣೋ,” ಎಂದು ನಕ್ಕು ಕೂತುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಒಂಟೆ ಮೆಲ್ಲಗೆ, ಕಲ್ಲು ಎಷ್ಟು ದಪ್ಪ ಇತ್ತು, ಎಂದು ಕೇಳಿದ.

ಸಂಜೆ ಅಮ್ಮ ಚಪ್ಪಲಿ ಬಿಡುವ ಮೊದಲೇ, ಏನು ಹೇಳಿದೆ ಎಂದು ಕೇಳಿದಳು. ನಿನ್ನೆಯ ಮಾತು ಇನ್ನೂ ಅವಳ ಮುಖದಲ್ಲಿತ್ತು. ಚಿಟ್ಟಿ ಹೇಳಿದಳು.

ಅಮ್ಮ ಬಾಗಿಲಲ್ಲೇ ನಿಂತಳು. “ಏಳಾ? ಆರಲ್ವೇನೇ?”

“ಏಳು. ಕೊನೇದು ತುಂಬಾ ಚಿಕ್ಕದು. ಮಂಜೊಳಗೆ.”

ಅಮ್ಮನ ಕೈ ಅಭ್ಯಾಸದಂತೆ ಫೋನಿಗಾಗಿ ಚೀಲದೊಳಗೆ ಹೋಯಿತು. ಹೋದದ್ದು ಹಾಗೆಯೇ ಖಾಲಿ ಹೊರಬಂತು. ನೋಡಲು ಅದರಲ್ಲಿ ಏನಿತ್ತು?

ಇಬ್ಬರೂ ಹೊಸ್ತಿಲ ಬಳಿ ಕೂತರು. ಚಿಟ್ಟಿ ಅಮ್ಮನ ತೋಳಿಗೆ ಒರಗಿ ಕಣ್ಣು ಮುಚ್ಚಿದಳು. ಅಮ್ಮನೂ ಮುಚ್ಚಿದಳೆಂದು ನೋಡದೆಯೇ ತಿಳಿಯಿತು. ಮಂಜು ಅಲ್ಲೇ ಇತ್ತು. ನೀರೂ ಇತ್ತು. ಅಮ್ಮನ ತೋಳು ಕಲ್ಲೆಸೆಯುವಂತೆ ಒಮ್ಮೆ ಮೆಲ್ಲಗೆ ಬೀಸಿತು.

“ಒಂದು,” ಎಂದಳು ಅಮ್ಮ.